ಗೌರಿಗೆ ಸೂಜಿ ಬಿಡಿಸಿದ ಇಪ್ಪತ್ತೆರಡು ದಿನ

ನಮ್ಮ ಗೌರಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸು. ಎರಡನೆಯ ಸೂಲಿನಲ್ಲಿ ಗಂಡುಗರು ಹಾಕಿತು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಗಂಡುಗರುವಿನ ಗತಿ ಏನೆಂದು ಹಸು ಕಟ್ಟಿದವರಿಗೆಲ್ಲ ಗೊತ್ತು. ಮೊದಲ ಐದಾರು ದಿನ ಗಿಣ್ಣದ ಹಾಲು ಕುಡಿಸಿದೆವು. ಆಮೇಲೆ ಅದರ ಪಾಲಿಗೆ ಉಳಿದದ್ದು ಕರೆದು ಮುಗಿದ ಕೆಚ್ಚಲು. ಇಪ್ಪತ್ತನೆಯ ದಿನ ಭೇದಿ ಶುರುವಾಗಿ ಎರಡೇ ದಿನಕ್ಕೆ ಸತ್ತುಹೋಯಿತು. ಭೇದಿಯಿಂದ ಸತ್ತಿತು ಅಂತ ಆಗ ಎಲ್ಲರಿಗೂ ಹೇಳಿದೆ. ಹೊಟ್ಟೆಗಿಲ್ಲದೆ ಸೊರಗಿದ್ದ ಕರುವಿಗೆ ಭೇದಿ ಬಂದದ್ದು ಅಂತ ಈಗ ಬರೆಯುತ್ತಿದ್ದೇನೆ.

ಮಾರನೆಯ ದಿನದಿಂದ ಗೌರಿ ಹಾಲು ಇಳಿಬಿಡಲಿಲ್ಲ. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಒಂದೂವರೆಗೆ ನಿಂತಿತು. ಕೆಚ್ಚಲು ಬಿಗಿದುಕೊಂಡಿದ್ದರೂ ಮೊಲೆಗೆ ಕೈ ಹಾಕಿದರೆ ಒದೆಯುತ್ತಿತ್ತು. ಫೀಡಿನ ಸಾಲ ಬೇರೆ ಹಾಲಿನ ದುಡ್ಡಲ್ಲೇ ಮುರಿಯುತ್ತಿತ್ತು. ಪಕ್ಕದೂರಿನಿಂದ ಹಾಲು ಕರೆಯಲು ಬರುತ್ತಿದ್ದ ಹುಡುಗ ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿ ತಂದುಕೊಟ್ಟ. "ಒಂಚೂರು ಚುಚ್ಚಕ್ಕ, ಎರಡು ನಿಮಿಷಕ್ಕೆ ಇಳಿಸ್ತದೆ" ಅಂದ. ಇಳಿಸಿತು. ಬೆಳಿಗ್ಗೆ ಒಂದು, ಸಂಜೆ ಒಂದು, ನಾಲ್ಕು ತಿಂಗಳು ನನ್ನ ಕೈಯಿಂದಲೇ ಚುಚ್ಚಿದೆ. ಕೊನೆಕೊನೆಗೆ ನಾನು ಬರಿಗೈಲಿ ಹತ್ತಿರ ಹೋದರೂ ಗೌರಿ ಕುತ್ತಿಗೆಯ ಚರ್ಮ ಅದುರಿಸುತ್ತಿತ್ತು.

ಗರ್ಭ ಕಟ್ಟುತ್ತಿಲ್ಲ ಅಂತ ಕರೆಸಿದ ಡಾಕ್ಟ್ರು ಕುತ್ತಿಗೆಯ ಗಂಟುಗಳನ್ನು ಸವರಿ ನೋಡಿ, "ಎಷ್ಟು ದಿನದಿಂದ ಕೊಡ್ತಿದ್ದೀಯಮ್ಮ ಆಕ್ಸಿಟೋಸಿನ್ನು?" ಅಂದರು. ಬೈಯಲಿಲ್ಲ. "ಇದು ಪೊಲೀಸರು ವಾರಂಟ್ ಇಲ್ಲದೆ ಹಿಡ್ಕೊಂಡು ಹೋಗೋ ತಪ್ಪು, ಗೊತ್ತಾ?" ಅಂತ ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಮಗಳ ಹತ್ತಿರ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಓದಿಸಿ ಅರ್ಥ ಹೇಳಿಸಿಕೊಂಡೆ. 12ನೆಯ ಕಲಂ ನನ್ನ ಕೊಟ್ಟಿಗೆಯಲ್ಲೇ ಕೂತು ಬರೆದ ಹಾಗಿತ್ತು. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯಕ್ಕೆ ಕೇಡಾಗುವ ಯಾವುದೇ ವಸ್ತು ಚುಚ್ಚಿದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಹಸು ಸರ್ಕಾರದ ಪಾಲು. ಆದರೆ ನನಗೆ ನಿದ್ದೆ ಕೆಡಿಸಿದ್ದು 11ನೆಯ ಕಲಂ. ಒಡೆಯರಾದವರು ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿದ್ದರೆ ಅದೇ ಕ್ರೌರ್ಯ ಅಂತ ಅದರಲ್ಲಿದೆ. ಹೊಡೆಯಲೇಬೇಕಿಲ್ಲ. ಹಾಲು ಕೊಡುವ ಹಸುವಿಗೆ ಒಂದು, ಗಂಡುಗರುವಿಗೆ ಒಂದು ಅಂತ ಭೇದವೂ ಇಲ್ಲ. ಅದಕ್ಕೆ ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕರುವಿನ ಹಸಿವಿಗೆ ಕಾನೂನು ಕಟ್ಟಿರುವ ಬೆಲೆ ಇಷ್ಟೇ. ಇದು ಬದಲಾಗಲೇಬೇಕು ಅನ್ನುವವರಲ್ಲಿ ನಾನೂ ಒಬ್ಬಳು. 3ನೆಯ ಕಲಂ ಇನ್ನೂ ಸರಳ: ಪ್ರಾಣಿ ಯಾರ ವಶದಲ್ಲಿದೆಯೋ, ಯಾರು ನೋಡಿಕೊಳ್ಳುತ್ತಾರೋ ಅವರೇ ಅದರ ಯೋಗಕ್ಷೇಮಕ್ಕೆ ಹೊಣೆ. ಹಾಲು ಕರೆಯುವ ಹುಡುಗನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಮರುದಿನವೇ ಬಾಟಲಿ ಎಸೆಯೋಣ ಅಂದರೆ ಡಾಕ್ಟ್ರು ಬೇಡ ಅಂದರು. ಹಾಲು ಒಳಗೇ ನಿಂತರೆ ಕೆಚ್ಚಲು ಬಾವು ಬರಬಹುದು. ಅವರು ತಿಳಿಸಿ ಹೇಳಿದ್ದು ಹೀಗೆ. ಆಕ್ಸಿಟೋಸಿನ್ ಹಸುವಿನ ಮಿದುಳಿನಿಂದ ತಾನಾಗಿಯೇ ಬರುವ ರಸ. ಕರು ಮೂತಿ ತಿವಿದಾಗ, ಬೆಚ್ಚಗಿನ ಕೈ ಕೆಚ್ಚಲು ಸವರಿದಾಗ, ಹಿಂಡಿ ನೆನೆಸಿದ ಬಕೆಟ್ಟಿನ ಸದ್ದು ಕೇಳಿದಾಗ ಬರುತ್ತದೆ. ಒಂದು ನಿಮಿಷದೊಳಗೆ ಕೆಚ್ಚಲಿಗೆ ಮುಟ್ಟುತ್ತದೆ, ಐದಾರು ನಿಮಿಷಕ್ಕೆ ಅದರ ಬಲ ಇಳಿಯುತ್ತದೆ. ಹೆದರಿದ ಹಸುವಿನ ಮೈಯಲ್ಲಿ ಏರುವ ಅಡ್ರಿನಲಿನ್ ಅದನ್ನು ತಡೆದುಬಿಡುತ್ತದೆ. ಅಂದರೆ ಸೂಜಿಯ ಹೆದರಿಕೆಯೇ ಹಾಲನ್ನು ಕಟ್ಟಿಹಾಕುತ್ತಿತ್ತು, ಅದನ್ನು ಇಳಿಸಲು ನಾನು ಮತ್ತೆ ಸೂಜಿಯನ್ನೇ ಹಿಡಿಯುತ್ತಿದ್ದೆ.

ಪ್ರಮಾಣವನ್ನು ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದೆ. ಹುಡುಗನನ್ನು ಬಿಡಿಸಿ ನಾನೇ ಕರೆಯಲು ಕೂತೆ. ಬೆಳಿಗ್ಗೆ ಐದೂವರೆ, ಸಂಜೆ ಐದೂವರೆ, ಮದುವೆ ಇರಲಿ ತಿಥಿ ಇರಲಿ ಹೊತ್ತು ತಪ್ಪಿಸಲಿಲ್ಲ. ನಾಯಿಯನ್ನು ಕೊಟ್ಟಿಗೆಯಿಂದ ಆಚೆ ಇಟ್ಟೆವು. ನಮ್ಮ ಯಜಮಾನರು ಆ ಹೊತ್ತಲ್ಲಿ ಫೋನಿನಲ್ಲಿ ಜೋರಾಗಿ ಮಾತಾಡುವುದನ್ನೂ ನಿಲ್ಲಿಸಿದರು. ಬಿಸಿನೀರಿನ ಬಟ್ಟೆಯಲ್ಲಿ ಕೆಚ್ಚಲು ಒರೆಸಿ, ಸವರಿ, ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ಹೆಪ್ಪು ಇದೆಯಾ ನೋಡಿ, ಒಂದು ನಿಮಿಷದೊಳಗೆ ಕರೆಯಲು ಶುರು ಮಾಡಿ ಏಳು ನಿಮಿಷದಲ್ಲಿ ಮುಗಿಸುತ್ತಿದ್ದೆ. ಕರೆಯುವಷ್ಟು ಹೊತ್ತೂ ಗೋದಲಿಯಲ್ಲಿ ಬೂಸಾ, ಬೆಲ್ಲ.

ಮೊದಲ ವಾರ ಹೊತ್ತಿಗೆ ಎರಡು ಲೀಟರ್ ದಾಟಲಿಲ್ಲ. ಡೇರಿಯಲ್ಲಿ ಕ್ಯಾನು ತೂಗಿದಾಗ ಹಿಂದೆ ನಿಂತವರು ಕೇಳುವುದಕ್ಕೆ ಉತ್ತರ ಕೊಡಲು ಆಗುತ್ತಿರಲಿಲ್ಲ. ಹನ್ನೊಂದನೆಯ ದಿನ ಬಟ್ಟೆ ಒರೆಸುತ್ತಿದ್ದಾಗಲೇ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕಿತು. ಅಲ್ಲೇ ಕೂತು ಅತ್ತುಬಿಟ್ಟೆ. ಇಪ್ಪತ್ತೆರಡನೆಯ ದಿನಕ್ಕೆ ಸೂಜಿ ಪೂರ್ತಿ ನಿಂತಿತು. ಹಾಲು ಐದೂವರೆ ಲೀಟರಿಗೆ ನಿಂತಿತು, ಆ ಸೂಲಿನಲ್ಲಿ ಅದರ ಮೇಲೆ ಹೋಗಲಿಲ್ಲ.

ಔಷಧಿಯೇ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಹೆರಿಗೆಯಾದ ತಾಯಂದಿರ ರಕ್ತಸ್ರಾವ ನಿಲ್ಲಿಸಲು ಇದೇ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಿ ಮಾರುವುದನ್ನು ತಡೆದು, ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಾರ್ಖಾನೆಗೆ ಮಾತ್ರ ಬಿಡಲು ಹೊರಟಿತ್ತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಸುವಿಗೂ ಕರು ಹಾಕುವಾಗ ತೊಂದರೆಯಾದರೆ ಡಾಕ್ಟ್ರು ಕೊಡುವುದುಂಟು. ದಿನಕ್ಕೆರಡು ಸಲ ನಾವೇ ಚುಚ್ಚುವುದು ಬೇರೆ ಮಾತು.

ಕಳೆದ ದೀಪಾವಳಿಯ ಹಿಂದಿನ ವಾರ ಗೌರಿ ಮತ್ತೆ ಕರು ಹಾಕಿತು. ಮತ್ತೆ ಗಂಡೇ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿದೆ. ಆಮೇಲೆ ಮೈತೂಕದ ಹತ್ತನೇ ಒಂದು ಪಾಲು ಲೆಕ್ಕದಲ್ಲಿ ದಿನಕ್ಕೆ ಮೂರು ಲೀಟರ್ ಅಳೆದು, ಡೇರಿಯ ಕ್ಯಾನಿಗೆ ಸುರಿಯುವ ಮೊದಲೇ ಎತ್ತಿಡುತ್ತಿದ್ದೆ. ಗೌರಿ ಕರುವಿನ ಮೈ ನೆಕ್ಕುತ್ತ ಹಾಲು ಇಳಿಬಿಡುತ್ತಿತ್ತು.

ಈಗ ಕರುವಿಗೆ ಎಂಟು ತಿಂಗಳು. ಹೆಸರು ಭೀಮ. ಹಸಿ ಮೇವಿನಲ್ಲಿ ಒಂದು ಹೊರೆ ಅದಕ್ಕೇ ಬೇಕು. ರಾತ್ರೋರಾತ್ರಿ ರಸ್ತೆಗೆ ಬಿಟ್ಟು ಬರುವವರಿದ್ದಾರೆ, ಅದೂ 11ನೆಯ ಕಲಮಿನಲ್ಲೇ ಇರುವ ತಪ್ಪು. ನಾವು ಬಿಡುವುದಿಲ್ಲ. ಗಾಡಿಗೆ ಪಳಗಿಸೋಣ ಅಂತ ಯಜಮಾನರು ಅನ್ನುತ್ತಾರೆ, ಹೆಗಲು ಬಲಿಯಲು ಇನ್ನೂ ವರ್ಷಗಳು ಬೇಕು ಅಂತ ನಾನು ಅನ್ನುತ್ತೇನೆ. ಸದ್ಯಕ್ಕೆ ಹಿತ್ತಲಿನ ಬೇಲಿ ಬದಿಯಲ್ಲಿ ಅದಕ್ಕೊಂದು ಬೇರೆ ಚಪ್ಪರ ಹಾಕಿಸುತ್ತಿದ್ದೇವೆ. ಕಂಬ ನೆಟ್ಟಾಗಿದೆ, ತೆಂಗಿನ ಗರಿ ಬರಬೇಕು.