ಮಾರ್ಚ್ ಆಟಕ್ಕೆ ಫೆಬ್ರವರಿಯಲ್ಲೇ ರೂಮು

ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ರಾಷ್ಟ್ರೀಯ ಸಂಸ್ಥೆ) ಟೂರ್ನಿಯಲ್ಲಿ ಈಗ 68 ತಂಡಗಳು. ಮೊದಲ ಎರಡು ಸುತ್ತು 16 ಕಡೆ ನಡೆಯುತ್ತವೆ, ಒಂದೊಂದು ಕಡೆ ನಾಲ್ಕು ತಂಡ. ಆ 16 ಜಾಗ ಯಾವುವು ಎಂಬುದಕ್ಕೆ 2015ರಿಂದ ಇರುವ ಲೆಕ್ಕ ಸರಳ: ಆಯ್ಕೆ ಸಮಿತಿಯ ಶ್ರೇಯಾಂಕದಲ್ಲಿ ಮೊದಲ 16ರೊಳಗೆ ಬಂದ ಕಾಲೇಜಿನ ಅಂಗಳದಲ್ಲೇ ಆಟ. ಪುರುಷರ ಟೂರ್ನಿಯ ಊರುಗಳು ವರ್ಷಗಳ ಮುಂಚೆಯೇ ನಿಗದಿಯಾಗಿರುತ್ತವೆ. ಕಾಲೇಜಿನ ಮಹಿಳಾ ತಂಡದ ಆತಿಥ್ಯ ನೋಡಿಕೊಳ್ಳುವ ನಮಗೆ ಹಾಗಿಲ್ಲ. 2025ರಲ್ಲಿ ತಂಡಗಳ ಶ್ರೇಯಾಂಕದ ಪಟ್ಟಿ ಹೊರಬಿದ್ದದ್ದು ಮಾರ್ಚ್ 16ರ ಭಾನುವಾರ ಸಂಜೆ, ಮೊದಲ ಸುತ್ತು ಶುರುವಾದದ್ದು 21ರ ಶುಕ್ರವಾರ. ಮುಖ್ಯ ಡ್ರಾಕ್ಕೂ ಮುಂಚಿನ ‘ಫಸ್ಟ್ ಫೋರ್’ ಪಂದ್ಯ ನಿಮ್ಮ ಪಾಲಿಗೆ ಬಂದರೆ ಬುಧವಾರವೇ ಚೆಂಡು ಹಾರಬೇಕು. ನಡುವೆ ಎರಡು ದಿನ.

ಆದ್ದರಿಂದ ಆತಿಥ್ಯದ ಕೆಲಸ ನಾವು ಶುರು ಮಾಡುವುದು ಫೆಬ್ರವರಿಯಲ್ಲಿ, ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆಂದು ಯಾರಿಗೂ ಖಚಿತ ಇಲ್ಲದಾಗ. ಸಮಿತಿ ಋತುವಿನ ನಡುವೆ ತನ್ನ ಅಂದಾಜಿನ ಮೊದಲ 16ನ್ನು ಪ್ರಕಟಿಸುತ್ತದೆ. ಅದರಲ್ಲಿ ಹೆಸರಿದ್ದರೆ ಕೆಲಸಕ್ಕೆ ಇಳಿಯುವುದು ಸರಿಯೇ. ಆದರೆ ನಾವು 25ನೇ ಸ್ಥಾನದ ಆಸುಪಾಸಿನಲ್ಲಿದ್ದಾಗಲೂ ಇಳಿಯುತ್ತೇವೆ. ಕಾಗದ ತಯಾರಿಟ್ಟುಕೊಂಡರೆ ನಷ್ಟವಿಲ್ಲ, ಇಲ್ಲದಿದ್ದರೆ ಅವಕಾಶವೇ ಕೈತಪ್ಪಬಹುದು.

ಮೊದಲು ನೋಡುವುದು ಕ್ಯಾಲೆಂಡರ್. ಬುಧವಾರದಿಂದ ಸೋಮವಾರದವರೆಗೆ ಆರು ದಿನ ಕ್ರೀಡಾಂಗಣ ಖಾಲಿ ಬೇಕು, ಏಕೆಂದರೆ ನಮ್ಮ ಪಾಲಿಗೆ ಶುಕ್ರ–ಭಾನು ಬೀಳುತ್ತದೋ ಶನಿ–ಸೋಮವೋ ಎಂಬುದು ಟಿವಿಯವರ ವೇಳಾಪಟ್ಟಿ ಬಂದ ಮೇಲಷ್ಟೇ ಗೊತ್ತಾಗುವುದು. ಮಾರ್ಚ್‌ನಲ್ಲಿ ಇದೇ ಅಂಗಳದ ಮೇಲೆ ಕಣ್ಣಿಟ್ಟವರು ಬೇರೆಯವರೂ ಇರುತ್ತಾರೆ: ರಾಜ್ಯಮಟ್ಟದ ಹೈಸ್ಕೂಲ್ ಟೂರ್ನಿ, ಸಂಗೀತ ಕಚೇರಿ, ಉದ್ಯೋಗ ಮೇಳ. ಪುರುಷರ ತಂಡ ಮುಖ್ಯ ಟೂರ್ನಿಗೆ ಹೋಗದೆ, ಎರಡನೇ ಹಂತದ ಟೂರ್ನಿಯಾದ ಎನ್‌ಐಟಿಗೆ ಬಂದರೆ ಅವರ ತವರು ಪಂದ್ಯವೂ ಅದೇ ವಾರ, ಅದೇ ಅಂಕಣದಲ್ಲಿ. ವರ್ಷದ ಆರಂಭದಲ್ಲೇ ಈ ಆರು ದಿನಗಳಿಗೆ ನಮ್ಮ ಹೆಸರು ಬರೆಸಿಡಬೇಕು. ಸ್ಪ್ರಿಂಗ್ ರಜೆ ಅದೇ ವಾರಕ್ಕೆ ಬಿದ್ದರೆ ಸ್ವಯಂಸೇವಕರಾಗುವ ವಿದ್ಯಾರ್ಥಿಗಳು ಊರಲ್ಲೇ ಇರುವುದಿಲ್ಲ, ಕ್ಯಾಂಪಸ್ಸಿನ ಊಟದ ಮನೆಗೂ ಬೀಗ. ಈ ಎರಡನ್ನೂ ಹೊರಗಿನಿಂದ ತರುವ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ತೋರಿಸಿಬಿಡಿ.

ಇನ್ನು ಹೋಟೆಲು. ಆತಿಥ್ಯ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ, ಅಂಕಣದಲ್ಲಲ್ಲ. ಒಂದು ಅತಿಥಿ ತಂಡಕ್ಕೆ ನಾವು 50 ರೂಮು ಹಿಡಿಯುತ್ತೇವೆ. ಆಟಗಾರ್ತಿಯರು 15 ಮಂದಿ, ಇಬ್ಬರಿಗೊಂದರಂತೆ 8. ಕೋಚ್, ಟ್ರೇನರ್, ವಿಡಿಯೊ ನೋಡಿಕೊಳ್ಳುವವರು ಸೇರಿ ಒಬ್ಬೊಬ್ಬರಿಗೆ ಒಂದರಂತೆ 15. ವಾದ್ಯವೃಂದಕ್ಕೆ ಟೂರ್ನಿಯ ಮಿತಿ 29 ಜನ, ಅದಕ್ಕೆ 15. ಚಿಯರ್ ತಂಡ 12, ಜೊತೆಗೊಂದು ಮ್ಯಾಸ್ಕಟ್ (ತಂಡದ ಲಾಂಛನದ ವೇಷ ಹಾಕುವವರು), 7 ರೂಮು. ಆಡಳಿತದವರಿಗೆ 5. ಹೀಗೆ ಮೂರು ತಂಡಕ್ಕೆ 150. ತವರು ತಂಡವನ್ನೂ ಆ ವಾರ ಹೋಟೆಲಿನಲ್ಲೇ ಇಡುವುದು ಒಳ್ಳೆಯದು. ರೆಫರಿಗಳು, ಎನ್‌ಸಿಎಎ ಪ್ರತಿನಿಧಿ, ಟಿವಿ ಸಿಬ್ಬಂದಿ ಎಲ್ಲ ಸೇರಿದರೆ 220 ದಾಟುತ್ತದೆ. ಫಸ್ಟ್ ಫೋರ್ ಬಂದರೆ ಇನ್ನೊಂದು ತಂಡ, ಇನ್ನೊಂದು 50.

ರೂಮಿನ ಎಣಿಕೆ ಸಿಕ್ಕಿದರೆ ಸಾಲದು. ಪ್ರತಿ ತಂಡಕ್ಕೂ ಊಟಕ್ಕೊಂದು, ವಿಡಿಯೊ ನೋಡಲೊಂದು ಹಾಲ್ ಬೇಕು. ಪರಸ್ಪರ ಆಡುವ ಎರಡು ತಂಡ ಒಂದೇ ಹೋಟೆಲಿನಲ್ಲಿ ಇರಬಾರದು; ಬೆಳಗಿನ ಉಪಾಹಾರದ ಸಾಲಿನಲ್ಲಿ ಎದುರಾಳಿಯ ಮುಖ ನೋಡಲು ಯಾವ ಕೋಚೂ ಬಯಸುವುದಿಲ್ಲ. ಆದ್ದರಿಂದ ಕನಿಷ್ಠ ನಾಲ್ಕು ಹೋಟೆಲು, ಎಲ್ಲವೂ ಬಸ್ಸಿನಲ್ಲಿ 20 ನಿಮಿಷದೊಳಗೆ. ಒಪ್ಪಂದದಲ್ಲಿ ಒಂದು ಸಾಲು ತಪ್ಪದೆ ಬರೆಸಿ: ಪಟ್ಟಿ ಪ್ರಕಟವಾದ ಮರುದಿನ, ಸೋಮವಾರ ಮಧ್ಯಾಹ್ನದವರೆಗೆ ರೂಮು ಬಿಟ್ಟುಕೊಟ್ಟರೆ ದಂಡವಿಲ್ಲ. ಮೊದಲಿಗೆ ಇದನ್ನು ಒಪ್ಪುವ ಮ್ಯಾನೇಜರ್ ಕಡಿಮೆ. ವರ್ಷವಿಡೀ ಕಾಲೇಜು ಕಳಿಸುವ ಗಿರಾಕಿಗಳ ಲೆಕ್ಕವನ್ನು ಮುಂದಿಟ್ಟರೆ ಒಪ್ಪುತ್ತಾರೆ.

ರೂಮು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ 2024ರ ಅನುಭವ ಸಾಕು. ಅಲ್ಲಿನ ಗೊಂಝಾಗಾ ವಿಶ್ವವಿದ್ಯಾಲಯ ತನ್ನ ಗುಂಪಿನಲ್ಲಿ ನಾಲ್ಕನೇ ಶ್ರೇಯಾಂಕ ಪಡೆದು ತನ್ನ 6,000 ಆಸನದ ಅಂಗಳದಲ್ಲಿ ಆತಿಥ್ಯ ವಹಿಸಿತು. ಅದೇ ವಾರ ಅದೇ ಊರಿನಲ್ಲಿ ಪುರುಷರ ಟೂರ್ನಿಯ ಪಂದ್ಯಗಳಿದ್ದವು, ಜೊತೆಗೆ ಮಕ್ಕಳ ದೊಡ್ಡ ವಾಲಿಬಾಲ್ ಕೂಟ. ಹೋಟೆಲುಗಳು ಭರ್ತಿ. ಯೂಟಾ ತಂಡವನ್ನು ಸುಮಾರು 30 ಮೈಲಿ ಆಚೆ, ಪಕ್ಕದ ಐಡಹೋ ರಾಜ್ಯದ ಕೊರ್ಡಲೇನ್‌ನಲ್ಲಿ ಇಳಿಸಬೇಕಾಯಿತು. ಅಲ್ಲಿ ಊಟಕ್ಕೆ ನಡೆದುಹೋಗುತ್ತಿದ್ದ ಆಟಗಾರ್ತಿಯರ ಮೇಲೆ ಜನಾಂಗೀಯ ನಿಂದನೆ ನಡೆದು, ಮರುದಿನವೇ ತಂಡವನ್ನು ಸ್ಪೋಕೇನ್‌ಗೆ ಸ್ಥಳಾಂತರಿಸಿದರು. ನಿಂದಿಸಿದವರದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೂ ತಂಡವನ್ನು ಎಲ್ಲಿ ಮಲಗಿಸುತ್ತೇವೆ ಎಂಬ ಪ್ರಶ್ನೆಯಲ್ಲಿ ಭದ್ರತೆಯೂ ಸೇರಿದೆ ಎಂಬುದನ್ನು ಆಮೇಲೆ ಯಾರೂ ಮರೆತಿಲ್ಲ. ನಾವೀಗ ಹೋಟೆಲಿನಿಂದ ಊಟದ ಜಾಗಕ್ಕೆ ನಡೆಯುವ ದಾರಿಯನ್ನೂ ಪೊಲೀಸರ ಪಟ್ಟಿಗೆ ಸೇರಿಸುತ್ತೇವೆ. ಪುರುಷರ ಟೂರ್ನಿಯ ಊರುಗಳ ಪಟ್ಟಿ ಮೊದಲೇ ಸಿಗುವುದರಿಂದ, 50 ಮೈಲಿಯೊಳಗೆ ಯಾವುದಾದರೂ ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

2025ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಡ್ಯೂಕ್, ಎನ್‌ಸಿ ಸ್ಟೇಟ್, ಯುಎನ್‌ಸಿ ಮೂರು ಕಾಲೇಜಿಗೂ ಒಟ್ಟಿಗೆ ಆತಿಥ್ಯ ಬಂತು. ಮೂರೂ ಅಕ್ಕಪಕ್ಕದ ಊರುಗಳು, ಒಂದೇ ವಿಮಾನ ನಿಲ್ದಾಣ, ಮೇಲಾಗಿ ರಾಲಿಯಲ್ಲಿ ಪುರುಷರ ಪಂದ್ಯಗಳೂ ಇದ್ದವು. ಇಂಥ ಕಡೆ ರೂಮಿಗಷ್ಟೇ ಅಲ್ಲ, ಬಸ್ಸಿಗೂ ಚಾಲಕರಿಗೂ ಪೈಪೋಟಿ. ಬಸ್ ಮೊದಲೇ ಕಾಯ್ದಿರಿಸಿದವರು ಬಚಾವು.

ಕಟ್ಟಡದ ವಿಷಯ ಸಲೀಸು. ನಾಲ್ಕು ಲಾಕರ್ ರೂಮು, ಒಂದೇ ದರ್ಜೆಯವು. ತವರು ತಂಡದ್ದು ಸೋಫಾ ಹಾಕಿದ ಅರಮನೆ, ಉಳಿದವರದು ಈಜುಕೊಳದ ಪಕ್ಕದ ಗೂಡು ಆಗಬಾರದು. 2021ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರಿಗೆ ಕೊಟ್ಟ, ಪುರುಷರದಕ್ಕೆ ಹೋಲಿಸಿದರೆ ತೀರಾ ಕಡಿಮೆಯಾದ ವ್ಯಾಯಾಮದ ಸಲಕರಣೆಯ ವಿಡಿಯೊ ಹೊರಬಿದ್ದ ಮೇಲೆ ಇಂಥದ್ದು ಯಾರ ಕಣ್ಣಿಗೂ ತಪ್ಪುವುದಿಲ್ಲ. ರೆಫರಿಗಳಿಗೆ ಬೇರೆ ಕೋಣೆ, ಅಭ್ಯಾಸಕ್ಕೆ ಇನ್ನೊಂದು ಅಂಕಣ. ಒಂದೇ ಅಂಕಣವಿದ್ದರೆ ಪಂದ್ಯದ ಹಿಂದಿನ ದಿನ ನಾಲ್ಕು ತಂಡಗಳ ಅಭ್ಯಾಸ ಬೆಳಗಿನಿಂದ ರಾತ್ರಿವರೆಗೆ ಎಳೆಯುತ್ತದೆ. ಕಾಲೇಜಿನ ಸ್ವಂತ ಜಾಹೀರಾತು ಫಲಕಗಳನ್ನೆಲ್ಲ ಮುಚ್ಚಬೇಕು. ಅದಕ್ಕೆ ಕಪ್ಪು ಬಟ್ಟೆಯ ಅಳತೆ ತೆಗೆದಿಟ್ಟುಕೊಳ್ಳಿ, ಕೊನೆಯ ದಿನ ಹುಡುಕಿದರೆ ಸಿಗುವುದಿಲ್ಲ.

ಅಂಕಣದ ಗೆರೆಯನ್ನು ಮಾತ್ರ ಕೈಯಾರೆ ಅಳೆಯಲೇಬೇಕು. 2024ರ ಮಾರ್ಚ್ 31ರಂದು ಪೋರ್ಟ್‌ಲೆಂಡ್‌ನಲ್ಲಿ ಟೆಕ್ಸಸ್–ಎನ್‌ಸಿ ಸ್ಟೇಟ್ ಪಂದ್ಯಕ್ಕೆ ಮುಂಚೆ ಒಂದು ತುದಿಯ ಮೂರು ಪಾಯಿಂಟ್ ಗೆರೆ (ಇದರಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ) ಇನ್ನೊಂದರಂತಿಲ್ಲ ಎಂದು ಗೊತ್ತಾಯಿತು. ವ್ಯತ್ಯಾಸ ಸುಮಾರು 9 ಇಂಚು. ಅಷ್ಟರಲ್ಲಿ ಅದೇ ಅಂಕಣದಲ್ಲಿ ನಾಲ್ಕು ಪಂದ್ಯ ಮುಗಿದಿದ್ದವು. ಇಬ್ಬರೂ ಕೋಚ್‌ಗಳು ಒಪ್ಪಿ ಐದನೆಯದನ್ನೂ ಹಾಗೆಯೇ ಆಡಿದರು. ಅಳೆಯುವ ಕ್ರಮ ಇಷ್ಟು. ರಿಂಗಿನ ನಟ್ಟನಡುವಿನಿಂದ ತೂಗುಗುಂಡು ಇಳಿಬಿಡಿ. ಅದು ನೆಲ ಮುಟ್ಟುವ ಜಾಗ ಬೇಸ್‌ಲೈನಿನ ಒಳ ಅಂಚಿನಿಂದ 63 ಇಂಚು ಇರಬೇಕು. ಅಲ್ಲಿಂದ ಮೂರು ಪಾಯಿಂಟ್ ಗೆರೆಯ ಕಮಾನಿನ ಹೊರ ಅಂಚಿಗೆ 22 ಅಡಿ 1¾ ಇಂಚು. ಮೂಲೆಯ ನೇರ ಗೆರೆಯ ಹೊರ ಅಂಚಿಗೂ ಸೈಡ್‌ಲೈನಿಗೂ ನಡುವೆ 40⅛ ಇಂಚು. ಎರಡೂ ತುದಿ ಅಳೆಯಿರಿ, ಬಟ್ಟೆಯ ಟೇಪಿನಲ್ಲಲ್ಲ, ಅದು ಹಿಗ್ಗುತ್ತದೆ, ಉಕ್ಕಿನ ಟೇಪಿನಲ್ಲಿ. ರಿಂಗಿನ ವ್ಯಾಸ 18 ಇಂಚು. ನಡುವಿನ ಬದಲು ರಿಂಗಿನ ಅಂಚಿನಿಂದ ಅಳೆದರೆ ಬರುವ ತಪ್ಪೂ ಸರಿಯಾಗಿ 9 ಇಂಚೇ, ಗಮನವಿರಲಿ. ಮೊದಲ ಸುತ್ತುಗಳಲ್ಲಿ ಕಾಲೇಜಿನ ಸ್ವಂತ ಅಂಕಣವೇ ಇರುವುದರಿಂದ ಅಳತೆ ಜನವರಿಯಲ್ಲೇ ಆಗಬಹುದು.

ಮೂರನೇ ಸುತ್ತಿನಿಂದ ಜಾಗದ ಲೆಕ್ಕ ಬೇರೆ. 2023ರಿಂದ ನಾಲ್ಕರ ಬದಲು ಎರಡೇ ಊರು, ಒಂದೊಂದಕ್ಕೆ ಎಂಟು ತಂಡ: ಆ ವರ್ಷ ಗ್ರೀನ್‌ವಿಲ್ ಮತ್ತು ಸಿಯಾಟಲ್, 2024ರಲ್ಲಿ ಆಲ್ಬನಿ ಮತ್ತು ಪೋರ್ಟ್‌ಲೆಂಡ್, 2025ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಸ್ಪೋಕೇನ್. ಹಳೆಯ ಕ್ರಮದಲ್ಲಿ 2022ರಲ್ಲಿ ಬ್ರಿಜ್‌ಪೋರ್ಟ್‌ಗೆ ಬಂದ ಎನ್‌ಸಿ ಸ್ಟೇಟ್ ಅಗ್ರ ಶ್ರೇಯಾಂಕದ ತಂಡ. ಎದುರಿಗಿದ್ದದ್ದು ಎರಡನೇ ಶ್ರೇಯಾಂಕದ ಯುಕಾನ್, ಊರು ಇದ್ದದ್ದು ಯುಕಾನ್‌ನ ಕನೆಕ್ಟಿಕಟ್ ರಾಜ್ಯದಲ್ಲೇ. ಎರಡು ಓವರ್‌ಟೈಮ್ ಆಡಿ 91–87ರಲ್ಲಿ ಎನ್‌ಸಿ ಸ್ಟೇಟ್ ಸೋತಿತು. ಎರಡೇ ಊರಾದ ಮೇಲೂ ಎದುರಾಳಿಯ ತವರಿನ ಬಳಿ ಆಡಬೇಕಾದ ಈ ತಕರಾರು ತಪ್ಪಲಿಲ್ಲ, ಎಂಟು ತಂಡಕ್ಕೆ ಅಭ್ಯಾಸದ ಹೊತ್ತು ಹೊಂದಿಸುವ ತಲೆನೋವು ಮಾತ್ರ ಹೆಚ್ಚಾಯಿತು. ಟಿವಿಗೆ ಅನುಕೂಲ, ಒಂದೇ ಅಂಗಳದಲ್ಲಿ ಜನವೂ ಸೇರುತ್ತಾರೆ. ಆದರೂ ಕ್ಯಾಂಪಸ್ಸಿನಲ್ಲಿ ತಮ್ಮೂರ ತಂಡಕ್ಕೆ ಕೂಗುವ ಗ್ಯಾಲರಿಯ ಬಿಸಿ ಅಲ್ಲಿ ಇರುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಪಟ್ಟಿಯ ಸಂಜೆ ನಮ್ಮ ಮೇಜಿನ ಮೇಲೆ ಎರಡು ಕಡತ ಇರುತ್ತವೆ. 16ರೊಳಗೆ ಹೆಸರು ಬಂದರೆ ಮೊದಲನೆಯದು: ಅತಿಥಿ ತಂಡಗಳಿಗೆ ಹೋಟೆಲ್ ಹಂಚಿಕೆ, ಬಸ್ಸಿನ ವೇಳೆ, ಟಿಕೆಟ್ ಮಾರಾಟ ತೆರೆಯುವ ಹೊತ್ತು, ಎಲ್ಲ ಅದೇ ರಾತ್ರಿ ಹೊರಡುತ್ತವೆ. 17ನೇ ಸ್ಥಾನ ಬಂದರೆ ಎರಡನೆಯದು: ನಾಲ್ಕು ಹೋಟೆಲಿಗೂ ರೂಮು ಬಿಟ್ಟುಕೊಡುವ ಪತ್ರ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಳಿಸಿ, ಒಂಬತ್ತಕ್ಕೆ ಬೇರೊಂದು ಊರಿನ ಆತಿಥೇಯರಿಗೆ ನಮ್ಮ 50 ರೂಮಿನ ಪಟ್ಟಿ ಕಳಿಸುತ್ತೇವೆ.