ಮಷೀನು ಆಮೇಲೆ, ಮೊದಲು ಡಯಲ್

ನನ್ನ ಹತ್ತಿರ ಇರುವ ವಾಚುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಚ್‌ಎಂಟಿ. ಬೆಂಗಳೂರಿನಲ್ಲಿ ಇದ್ದುಕೊಂಡು ಹಳೇ ವಾಚು ಕೂಡಿಡೋಕೆ ಹೊರಟವನಿಗೆ ಬೇರೆ ದಾರಿಯೂ ಇಲ್ಲ ಬಿಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಜೋಡಿಸಿ ಎಚ್‌ಎಂಟಿ ವಾಚು ಇಲ್ಲೇ ಶುರುವಾದದ್ದು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಗೆ, ನಿವೃತ್ತಿಗೆ, ಮಗ ಪಾಸಾದದ್ದಕ್ಕೆ, ಎಲ್ಲಕ್ಕೂ ಅದೇ ಉಡುಗೊರೆ. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಆದರೆ ಬೀರುಗಳ ಮೂಲೆಯಲ್ಲಿ, ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಇವತ್ತಿಗೂ ಸಿಗುತ್ತವೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಎಚ್‌ಎಂಟಿಯ ಜನತಾ ಮಾಡೆಲ್. ಹದಿನೇಳು ಜ್ಯುವೆಲ್ (ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು), ಕೈಯಿಂದ ಕೀ ಕೊಡುವ ಮಷೀನು. ಬೆಳಿಗ್ಗೆ ಒಂದು ಸಲ ಕೀ ಕೊಟ್ಟರೆ ಒಂದೂವರೆ ದಿನ ಓಡುತ್ತದೆ. ಡಯಲ್ ಮೇಲೆ 'ಪ್ಯಾರಾಶಾಕ್' ಅಂತ ಇರುತ್ತಲ್ಲ, ಅದು ಸಿಟಿಜನ್ ಕಡೆಯಿಂದ ಬಂದ ಹೆಸರು. ವಾಚು ಕೆಳಗೆ ಬಿದ್ದರೆ, ಹಿಂದೆ ಮುಂದೆ ಆಡುತ್ತಾ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಸೂಜಿಯಂಥ ತುದಿ ಮುರಿಯದ ಹಾಗೆ ಅಲ್ಲೊಂದು ಪುಟ್ಟ ಸ್ಪ್ರಿಂಗ್ ಕೂತಿರುತ್ತದೆ. ಎಚ್‌ಎಂಟಿಯ ಹಲವು ಮಾಡೆಲ್‌ಗಳಲ್ಲಿ ಒಂದೇ ಬಗೆಯ ಮಷೀನು ಇರುವುದರಿಂದ ಬಿಡಿಭಾಗಕ್ಕೆ ಪರದಾಡಬೇಕಿಲ್ಲ.

ನನ್ನ ವಾಚುಗಳನ್ನೆಲ್ಲ ಬಿಚ್ಚಿ ಎಣ್ಣೆ ಹಾಕುವ ಹಿರಿಯರೊಬ್ಬರಿದ್ದಾರೆ. ಅವರು ಆರಂಭದಲ್ಲೇ ಹೇಳಿದ್ದರು: "ಸಾರ್, ಮಷೀನು ಕೆಟ್ಟಿದ್ರೆ ನಾನು ನೋಡ್ಕೋತೀನಿ. ಡಯಲ್ ಹೋಗಿದ್ರೆ ತರಬೇಡಿ." ನಾನು ಕೊಳ್ಳುವುದು ಇವತ್ತಿಗೂ ಹಾಗೇ. ನಿಂತುಹೋದ ವಾಚು, ಒಡೆದ ಗಾಜು, ತುಕ್ಕು ಹಿಡಿದ ಕೀ, ಎಲ್ಲ ನಡೆಯುತ್ತದೆ. ಡಯಲ್ ಮಾತ್ರ ಕಾರ್ಖಾನೆಯಿಂದ ಬಂದದ್ದೇ ಆಗಿರಬೇಕು. ಸ್ವಲ್ಪ ಹಳದಿಗೆ ತಿರುಗಿದ್ದರೂ ಪರವಾಗಿಲ್ಲ.

ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಪೈಲಟ್ ಕೊಳ್ಳುವಾಗ ಇದು ಇನ್ನೂ ಮುಖ್ಯ. ಕಪ್ಪು ಡಯಲ್, ದೊಡ್ಡ ಬಿಳಿ ಅಂಕಿಗಳ ಈ ವಾಚಿಗೆ ಬೇಡಿಕೆ ಜಾಸ್ತಿ. ಹಾಗಾಗಿ ಹಳೇ ಡಯಲ್ ಕೆರೆದು ಹೊಸ ಬಣ್ಣ ಹೊಡೆದು ಮಾರುವವರೂ ಜಾಸ್ತಿ. ಗಿಳಿಹಸಿರು, ಕಡುಗೆಂಪು ಬಣ್ಣದ 'ಹಳೇ' ಪೈಲಟ್ ಪಳಪಳ ಹೊಳೆಯುತ್ತಿದ್ದರೆ ನಾನು ಬೆಲೆ ಕೂಡ ಕೇಳುವುದಿಲ್ಲ. ಕಪ್ಪಿನದಾದರೆ ವಾಚು ರಿಪೇರಿಯವರ ಭೂತಗನ್ನಡಿ, ಐಗ್ಲಾಸ್, ಕಣ್ಣಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ನೋಡುತ್ತೇನೆ. ಮೊದಲು ಸುತ್ತಲಿನ ನಿಮಿಷದ ಗೀಟುಗಳು: ಹನ್ನೆರಡರ ನೇರಕ್ಕೆ ಗೀಟು ಕೂತಿದೆಯಾ, ಅಥವಾ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆಯಾ? ಆಮೇಲೆ ಕೆಳಗಿನ ಸಣ್ಣ ಅಕ್ಷರ. ಕಾರ್ಖಾನೆಯ ಅಚ್ಚಿನಲ್ಲಿ ಅಂಚು ಚೂಪಾಗಿರುತ್ತದೆ. ಕೈ ಆಡಿಸಿದ ಡಯಲ್‌ನಲ್ಲಿ ಶಾಯಿ ಒದ್ದೆ ಕಾಗದದ ಮೇಲೆ ಬಿದ್ದ ಹಾಗೆ ಹರಡಿಕೊಂಡಿರುತ್ತದೆ. ಕೊನೆಗೆ ನಡುವಿನ ತೂತು. ಮುಳ್ಳುಗಳ ಬುಡದಲ್ಲಿ ಬಣ್ಣ ದಪ್ಪಗೆ ಕಟ್ಟಿಕೊಂಡಿದ್ದರೆ ಮಾತು ಮುಗಿಯಿತು.

ಜನತಾದ ಕೇಸಿನ ಬಗ್ಗೆಯೂ ಒಂದು ಮಾತು. ಅದು ಹಿತ್ತಾಳೆಯ ಮೇಲೆ ಕ್ರೋಮ್ ಲೇಪ, ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಬೆವರಿಗೆ ಬೆಲ್ಟು ಕೂರುವ ಕಡೆ ಲೇಪ ಕಿತ್ತು ಹಳದಿ ಕಾಣುತ್ತದೆ. ಉಜ್ಜಿ ಹೊಳಪು ಬರಿಸಲು ಹೋದರೆ ಉಳಿದ ಕ್ರೋಮೂ ಹೋಗುತ್ತದೆ, ಬಿಟ್ಟುಬಿಡಿ. ಗಾಜು ಪ್ಲಾಸ್ಟಿಕ್ಕಿನದು, ಗೀರು ಬಿದ್ದಿದ್ದರೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಇನ್ನು ಕತ್ತಲಲ್ಲಿ ಹೊಳೆಯುವ ಡಯಲ್. 1960ಕ್ಕಿಂತ ಹಳೆಯ ವಿದೇಶಿ ವಾಚಾದರೆ ಅದರಲ್ಲಿ ರೇಡಿಯಂ ಇರಬಹುದು. ಅಂಥದ್ದನ್ನು ಮನೆಯಲ್ಲಿ ಬಿಚ್ಚಿ ಕೆರೆಯೋದು ಬೇಡವೇ ಬೇಡ.

ಹೊಸ ವಾಚುಗಳಲ್ಲಿ ಈ ಡಯಲ್ ತಲೆನೋವು ಇಲ್ಲ. ಅಲ್ಲಿ ನಾನು ನೋಡುವುದು, ನನ್ನ ಹತ್ತಿರ ಇಲ್ಲದ್ದು ಇದರಲ್ಲಿ ಏನಿದೆ ಅಂತ. ಟೈಟನ್ ಎಡ್ಜ್ ಕೊಂಡದ್ದು ಅದರ ತೆಳುವಿಗೆ. 2002ರಲ್ಲಿ ಬಂದಾಗ ಇಡೀ ವಾಚಿನ ದಪ್ಪ 3.5 ಮಿಲಿಮೀಟರ್. ಕ್ಯಾಸಿಯೋ ಎಫ್-91ಡಬ್ಲ್ಯೂ ಮಳೆಗಾಲಕ್ಕೆ, ಬೈಕಿಗೆ. 1989ರಿಂದಲೂ ಅದೇ ರೂಪ, ಬೆಲೆಯೂ ಕೈಗೆಟುಕುವಂಥದ್ದು. ಸೀಕೋ 5 ಕೊಂಡದ್ದು ಹಿಂದಿನ ಗಾಜಿನ ಮುಚ್ಚಳಕ್ಕೆ, ಸುಳ್ಳು ಯಾಕೆ ಹೇಳಲಿ. ನನ್ನದರಲ್ಲಿ ಇರುವುದು 7ಎಸ್26 ಮಷೀನು, ಅದಕ್ಕೆ ಕೈಯಿಂದ ಕೀ ಕೊಡಲಾಗದು. ಕೈ ಆಡಿದ ಹಾಗೆ ಒಳಗಿನ ಅರ್ಧಚಂದ್ರದ ತೂಕ ತಿರುಗಿ ತಾನೇ ಸುತ್ತಿಕೊಳ್ಳುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ಅದರ ತಾರೀಕು ಮಾತ್ರ ಬದಲಿಸಬೇಡಿ. ಆ ಹೊತ್ತಿಗೆ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಒತ್ತಾಯ ಮಾಡಿದರೆ ಮುರಿಯುತ್ತವೆ. ಒಂದು ಕಿವಿಗೆ ಇದನ್ನು, ಇನ್ನೊಂದು ಕಿವಿಗೆ ಜನತಾ ಹಿಡಿದು ಕೇಳಿ. ಜನತಾ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಸೀಕೋ ಆರು. ಸುಮ್ನೆ ಕೂತಾಗ ಇದೊಂದು ಆಟ ನನಗೆ.

ಇಡುವ ವಿಷಯ ಸರಳ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಕಟ್ಟದೇ ಇಡುವ ಕ್ವಾರ್ಟ್ಜ್ ವಾಚಿನ ಸೆಲ್ಲು ತೆಗೆಸಿ, ಸೋರಿದರೆ ಸರ್ಕಿಟ್ ಕೆಡುತ್ತದೆ. ಕೀ ವಾಚುಗಳಿಗೆ ಆಗಾಗ ಕೀ ಕೊಟ್ಟು ಓಡಿಸಿ.

ಸದ್ಯ ಹುಡುಕುತ್ತಿರುವುದು ಎಚ್‌ಎಂಟಿಯವರು ಕಣ್ಣು ಕಾಣದವರಿಗಾಗಿ ಮಾಡಿದ್ದ ಬ್ರೈಲ್ ವಾಚು. ಗಾಜನ್ನು ಮುಚ್ಚಳದ ಹಾಗೆ ಎತ್ತಿ, ಮುಳ್ಳು ಮತ್ತು ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಗಂಟೆ ತಿಳಿಯುವಂಥದ್ದು. ಮುಟ್ಟಿ ಮುಟ್ಟಿ ಸವೆದಿರುವುದೇ ಅದರ ಲಕ್ಷಣ ಅಲ್ವಾ, ಅಲ್ಲಿ ಡಯಲ್ ನಿಯಮ ಸಡಿಲ ಮಾಡುತ್ತೇನೆ. ನಿಮ್ಮ ತಾತನ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ದಯವಿಟ್ಟು ಪಾಲಿಶ್ ಹಾಕಿಸಬೇಡಿ.