ಲಾಯದ ಸೂರಿನಲ್ಲಿ ಕವಲುತೋಕೆ: ಗೂಡಿಗೆ ಜಾಗ ಕೊಟ್ಟು ಕುದುರೆ ಸಾಕುವ ಬಗೆ

ಲಾಯದ ಜಂತೆಯಲ್ಲಿ ಕವಲುತೋಕೆ ಹಕ್ಕಿಯ ಮಣ್ಣಿನ ಗೂಡು ಕಂಡ ಕೂಡಲೇ ಕೋಲು ಹುಡುಕುವವರಿದ್ದಾರೆ. ‘ಇರಲಿ ಬಿಡ್ರಿ, ನೊಣ ತಿಂತಾವೆ’ ಅಂತ ಸುಮ್ಮನಾಗುವವರೂ ಇದ್ದಾರೆ. ಇಬ್ಬರೂ ಗೂಡಿನ ಜಾಗವನ್ನು ನೋಡುವುದಿಲ್ಲ. ಗೂಡು ಲಾಯದೊಳಗೆ ಇದ್ದ ಮಾತ್ರಕ್ಕೆ ಕುದುರೆಗೆ ಏನೂ ಆಗುವುದಿಲ್ಲ. ಮೇವು ಹಾಕುವ ಗ್ವಾದಲಿಯ ನೆತ್ತಿಯಲ್ಲಿ, ನೀರಿನ ತೊಟ್ಟಿಯ ಮೇಲೆ, ಕುದುರೆ ಬೆನ್ನಿನ ನೇರಕ್ಕೆ ಇದ್ದರೆ ಮಾತ್ರ ತಾಪತ್ರಯ. ಹಾಗಾಗಿ ಎಲ್ಲಿ ಕಟ್ಟಬೇಕು ಎನ್ನುವುದನ್ನು ಹಕ್ಕಿಗೆ ಬಿಡದೆ, ಬೇಸಿಗೆ ಮಳೆ ಬೀಳುವ ಮೊದಲೇ ನಾವು ತೀರ್ಮಾನ ಮಾಡಿಬಿಡುತ್ತೇವೆ. ನಮ್ಮದು ದಾವಣಗೆರೆಯ ಅಂಚಿನಲ್ಲಿ, ಭದ್ರಾ ನಾಲೆಯ ಗದ್ದೆಗಳ ಪಕ್ಕ, ಮದುವೆ ಮೆರವಣಿಗೆ ಮತ್ತು ಸಾರೋಟಿಗೆ ಹೋಗುವ ಕುದುರೆಗಳ ಲಾಯ. ಕೆಳಗೆ ಬರೆದಿರುವುದು ಇಂಥ ಜಾಗಕ್ಕೆ ಹೊಂದುವ ಲೆಕ್ಕ.

ಮೊದಲು ಹಕ್ಕಿ ಯಾವುದು ಅಂತ ಗುರುತು ಹಿಡಿಯಬೇಕು. ನಮ್ಮ ಕಡೆ ಲಾಯದೊಳಗೆ ಹೆಚ್ಚಾಗಿ ಗೂಡು ಕಟ್ಟುವುದು ಕೆಂಪು ಸೊಂಟದ ಕವಲುತೋಕೆ. ಬೆನ್ನು ಹೊಳೆಯುವ ನೀಲಿಗಪ್ಪು, ಬಾಲದ ಬುಡ ಇಟ್ಟಿಗೆ ಬಣ್ಣ, ಎದೆಯ ಮೇಲೆ ಸಣ್ಣ ಸಣ್ಣ ಗೆರೆ. ಇದರ ಗೂಡು ಸೂರಿಗೆ ಅಂಟಿಸಿದ ಅರ್ಧ ಹೂಜಿಯಂತೆ, ಒಳಗೆ ಹೋಗಲು ಉದ್ದ ಕತ್ತು ಇರುತ್ತದೆ. ಎರಡನೆಯದು ಮೈಯೆಲ್ಲ ಮಾಸಲು ಕಂದು ಬಣ್ಣದ, ಬಾಲದಲ್ಲಿ ಕವಲಿಲ್ಲದ ಜಾತಿ. ಬಂಡೆ, ಕೋಟೆ, ಹಳೆ ಕಲ್ಲುಕಟ್ಟಡ ಇದಕ್ಕೆ ಇಷ್ಟ. ಚಿತ್ರದುರ್ಗದ ಕಡೆ ಕಲ್ಲಿನ ಗೋಡೆಯ ಲಾಯ ಇದ್ದವರಿಗೆ ಇದೇ ಸಿಗುವುದು ಜಾಸ್ತಿ. ಗೂಡು ಬಾಯಿ ತೆರೆದ ಅರ್ಧ ಬಟ್ಟಲು. ಮೂರನೆಯದು ಬಾನಾಡಿ. ಇದು ಕವಲುತೋಕೆಯೇ ಅಲ್ಲ. ಗೂಡಿನಲ್ಲಿ ಮಣ್ಣೂ ಇರುವುದಿಲ್ಲ, ಪುಕ್ಕ ಮತ್ತು ಹುಲ್ಲನ್ನು ಎಂಜಲಿನಿಂದ ಅಂಟಿಸಿರುತ್ತದೆ. ತಂತಿಯ ಮೇಲೆ ಕೂರದೆ ಗುಂಪಾಗಿ ಕಿರುಚಿಕೊಂಡು ಹಾರುತ್ತಿದ್ದರೆ ಅದು ಬಾನಾಡಿ.

ಚಳಿಗಾಲದಲ್ಲಿ ಕರೆಂಟ್ ತಂತಿಯ ಮೇಲೆ ಸಾಲುಸಾಲಾಗಿ ಕೂರುವ, ಗಂಟಲು ಕೆಂಪಗಿರುವ ಕವಲುತೋಕೆ ಬೇರೆ. ಅದು ವಲಸೆ ಹಕ್ಕಿ. ಸೆಪ್ಟೆಂಬರ್ ಆಸುಪಾಸು ಬಂದು ಬೇಸಿಗೆ ಹೊತ್ತಿಗೆ ಹೋಗುತ್ತದೆ, ಇಲ್ಲಿ ಗೂಡು ಕಟ್ಟುವುದಿಲ್ಲ. ಯೂರೋಪಿನವರು ಕುದುರೆ ಲಾಯದ ಹಕ್ಕಿ ಅಂತ ವಿಡಿಯೊ ಮಾಡುವುದು ಇದರ ಬಗ್ಗೆಯೇ. ಅವರ ತಿಂಗಳ ಲೆಕ್ಕ ನೋಡಿ ಇಲ್ಲಿ ಕೆಲಸ ಮಾಡಿದರೆ ಎಲ್ಲ ತಲೆಕೆಳಗಾಗುತ್ತದೆ.

ನಮ್ಮಲ್ಲಿ ಕೆಂಪು ಸೊಂಟದ ಜಾತಿಯ ಗೂಡಿನ ಕಾಲ ಏಪ್ರಿಲ್‌ನಿಂದ ಆಗಸ್ಟ್. ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ಹಸಿಯಾದರೆ ಕೆಲಸ ಶುರು. ಆದ್ದರಿಂದ ಸೂರಿನ ಕೆಲಸವನ್ನೆಲ್ಲ ಮಾರ್ಚ್ ಒಳಗೆ ಮುಗಿಸಬೇಕು. ಮಣ್ಣು ಹಿಡಿಯುವುದು ಒರಟಾದ ಕಾಂಕ್ರೀಟಿಗೆ, ಚಪ್ಪಡಿ ಕಲ್ಲಿಗೆ, ಬಣ್ಣ ಹೊಡೆಯದ ಮರದ ತೊಲೆಗೆ. ಆಯಿಲ್ ಪೇಂಟ್ ಬಳಿದ ಜಾಗದಲ್ಲಿ, ಕಬ್ಬಿಣದ ಪೈಪಿನ ಮೇಲೆ ಜಾರುತ್ತದೆ. ಎಲ್ಲಕ್ಕಿಂತ ಅಪಾಯ ಪದರ ಏಳುತ್ತಿರುವ ಹಳೆ ಸುಣ್ಣ. ಗೂಡು ಸುಣ್ಣಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಆದರೆ ಸುಣ್ಣ ಗೋಡೆಗೆ ಅಂಟಿರುವುದಿಲ್ಲ. ಮರಿಗಳ ತೂಕ ಬಿದ್ದ ಮೇಲೆ ಸುಣ್ಣದ ಹಕ್ಕಳೆಯ ಸಮೇತ ಇಡೀ ಗೂಡು ಕೆಳಗೆ ಬರುತ್ತದೆ. ಗೂಡಿಗೆ ಬಿಡುವ ಜಾಗದಲ್ಲಿ ಹಳೆ ಸುಣ್ಣವನ್ನು ಕರಣೆಯಿಂದ ಪೂರ್ತಿ ಕೆರೆದು, ಸಿಮೆಂಟಿನ ಒರಟು ಗಾರೆಯನ್ನು ಎರಡು ಅಡಿ ಉದ್ದ, ಒಂದು ಅಡಿ ಅಗಲಕ್ಕೆ ಬಳಿದು ಹಾಗೇ ಬಿಡಿ, ನಯ ಮಾಡಬೇಡಿ. ಗೋಡೆಯೂ ಸೂರೂ ಕೂಡುವ ಮೂಲೆ, ಬಾಗಿಲಿನಿಂದ ದೂರ, ಓಡಾಡುವ ಹಾದಿಯ ಮೇಲೆ: ಇಂಥ ಜಾಗ ಆರಿಸಿಕೊಳ್ಳಿ. ಕುದುರೆ ನಿಲ್ಲುವ ಜಾಗದಿಂದ ನಾಲ್ಕೈದು ಅಡಿಯಾದರೂ ಪಕ್ಕಕ್ಕೆ ಇರಲಿ.

ಬೇಡದ ಕಡೆ ತಡೆಯುವುದೂ ಆಗಲೇ. ಗ್ವಾದಲಿ, ತೊಟ್ಟಿಯ ಮೇಲಿನ ತೊಲೆ ಮೂಲೆಗೆ ನಯವಾದ ಪ್ಲಾಸ್ಟಿಕ್ ಶೀಟನ್ನು ಓರೆಯಾಗಿ, ಸಂದು ಮುಚ್ಚುವ ಹಾಗೆ ಮೊಳೆ ಹೊಡೆಯಿರಿ. ಕೂರಲು ಆಧಾರ ಇರಬಾರದು, ಮಣ್ಣು ಅಂಟಬಾರದು, ಅಷ್ಟೇ. ಬಲೆ ಕಟ್ಟುವವರು ಬಿಗಿಯಾಗಿ ಕಟ್ಟಬೇಕು. ಜೋಲು ಬಿದ್ದ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿಕೊಂಡು ಸಾಯುತ್ತದೆ. ಮಣ್ಣಿನ ಮೊದಲ ಸಾಲು ಬಿದ್ದ ದಿನವೇ ಕಂಡರೆ ಒರೆಸಿ ಶೀಟು ಹೊಡೆಯಬಹುದು. ಮೊಟ್ಟೆ ಬಿದ್ದ ಮೇಲೆ ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಕಟ್ಟುವ ಕ್ರಮ ಗಮನಿಸಿದರೆ ಯಾವ ಹಂತದಲ್ಲಿದೆ ಅಂತ ಏಣಿ ಹತ್ತದೆ ಹೇಳಬಹುದು. ಜೋಡಿ ಎರಡೂ ಸೇರಿ ಕೊಕ್ಕಿನಲ್ಲಿ ಕಡಲೆ ಕಾಳಿನಷ್ಟು ಮಣ್ಣಿನ ಉಂಡೆ ತಂದು ಒತ್ತುತ್ತವೆ. ಹೊಸ ಸಾಲು ಕಪ್ಪಗೆ, ಒಣಗಿದ್ದು ಬೂದುಬಣ್ಣಕ್ಕೆ ತಿರುಗಿರುತ್ತದೆ. ಒಂದಿಷ್ಟು ಸಾಲು ಇಟ್ಟು ಒಣಗಲು ಬಿಟ್ಟು ಆಮೇಲೆ ಮುಂದುವರಿಸುತ್ತವೆ. ಆತುರದಲ್ಲಿ ಹಸಿ ಮೇಲೆ ಹಸಿ ಇಟ್ಟರೆ ಭಾರಕ್ಕೆ ಕುಸಿಯುತ್ತದೆ ಎನ್ನುವುದು ಅವಕ್ಕೆ ಗೊತ್ತು. ಕತ್ತು ಮೂಡಿದ ಮೇಲೆ ಪುಕ್ಕ ಹೊತ್ತುಕೊಂಡು ಒಳಗೆ ಹೋಗುವುದು ಕಂಡರೆ ಮೊಟ್ಟೆಗೆ ಹೆಚ್ಚು ದಿನ ಇಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಬಿಳಿ ಮೊಟ್ಟೆ. ಕಾವು ಸುಮಾರು ಎರಡು ವಾರ, ಮರಿ ಹಾರಲು ಮೂರೂವರೆ ವಾರದ ಹತ್ತಿರ.

ಮಣ್ಣಿನ ವಿಷಯದಲ್ಲಿ ನಾವೂ ಸ್ವಲ್ಪ ಕೈ ಹಾಕಬಹುದು. ಬರೀ ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಗದ್ದೆಯಲ್ಲಿ ನಾಟಿಯ ಕೆಸರು ಇರುವಾಗ ಚಿಂತೆಯಿಲ್ಲ. ನಾಲೆ ಬಂದ್ ಆಗಿ, ಮಳೆಯೂ ಕೈಕೊಟ್ಟ ವಾರಗಳಲ್ಲಿ ಕುದುರೆ ತೊಳೆಯುವ ಕಟ್ಟೆಯ ಹತ್ತಿರ ಒಂದು ಬುಟ್ಟಿ ಕೆಂಪು ಮಣ್ಣು, ಅರ್ಧ ಬುಟ್ಟಿ ಎರೆ ಮಣ್ಣು ಸುರಿದು ಬೆಳಿಗ್ಗೆ ನೀರು ಹಾಕಿ ಕಲಸಿಡಿ. ಅಲ್ಲಿ ಸೋಪು, ಫಿನಾಯಿಲ್ ನೀರು ಹರಿಯಬಾರದು. ಸುತ್ತ ಬಯಲಿರಲಿ, ಪೊದೆ ಇದ್ದರೆ ಬೆಕ್ಕು ಕಾಯುತ್ತದೆ.

ಹಕ್ಕಿಗೆ ಬೆಳಗಿನ ಜಾವದಿಂದ ಕತ್ತಲಾಗುವವರೆಗೆ ದಾರಿ ತೆರೆದಿರಬೇಕು. ಬೆಳಕಿಂಡಿಯ ಮೇಲ್ಭಾಗದಲ್ಲಿ ನಾಲ್ಕು ಇಂಚು ಎತ್ತರ, ಎಂಟು ಇಂಚು ಅಗಲದ ಸಂದು ಸಾಕು. ಬೆಳಕಿಂಡಿಯಿಂದ ಗೂಡಿಗೆ ಅವು ನೇರ ಗೆರೆಯಲ್ಲಿ ಬರುತ್ತವೆ. ಆ ಗೆರೆಯಲ್ಲಿ ಹಗ್ಗ, ತಂತಿ, ತೂಗುಬಲ್ಬು ಇರಬಾರದು. ಹೊಸ ಕುದುರೆಯನ್ನೂ ಆ ಗೆರೆಯ ಕೆಳಗೆ ಕಟ್ಟಬೇಡಿ. ಹಳೆ ಕುದುರೆಗಳು ಕಿವಿ ಪಕ್ಕದಲ್ಲಿ ಹಾರಿದರೂ ತಲೆ ಎತ್ತುವುದಿಲ್ಲ. ಹೊಸದು ಬೆಚ್ಚಿ ಹಗ್ಗ ಜಗ್ಗಿಕೊಂಡರೆ ಕಟ್ಟುಗೂಟ ಕಿತ್ತು ಬರುತ್ತದೆ.

ಸೀಲಿಂಗ್ ಫ್ಯಾನ್ ಇದ್ದರೆ ಗೂಡಿನ ಆಸೆ ಬಿಡಿ, ಇಲ್ಲವೇ ಫ್ಯಾನ್ ಬಿಚ್ಚಿ. ನಮ್ಮ ಏಪ್ರಿಲ್ ಬಿಸಿಲಿಗೆ ಕುದುರೆಗೆ ಗಾಳಿ ಬೇಕೇ ಬೇಕು. ಅದಕ್ಕೆ ಗೋಡೆಗೆ ಹಾಕುವ, ಮುಂದೆ ಹಿಂದೆ ಒತ್ತಾದ ಜಾಲರಿ ಇರುವ ಫ್ಯಾನ್ ಹಾಕಿ, ಗಾಳಿ ಕೆಳಮುಖವಾಗಿರಲಿ. ನೊಣ ಹಿಡಿಯುವ ಅಂಟುಹಾಳೆ, ತೂಗುವ ಅಂಟು ಪಟ್ಟಿಯನ್ನು ಲಾಯದೊಳಗೆ ಕಟ್ಟಲೇಬಾರದು. ಅಂಟಿದ ನೊಣ ಒದ್ದಾಡುವುದನ್ನು ಕಂಡು ಹಕ್ಕಿ ಎರಗುತ್ತದೆ, ರೆಕ್ಕೆ ಅಂಟಿಕೊಂಡರೆ ಮುಗಿಯಿತು. ಇನ್ನೊಂದು ಯಾರೂ ಯೋಚಿಸದ ಅಪಾಯ ಕುದುರೆಯ ಕೂದಲು. ಬಾಲ, ಜೂಲು ಬಾಚಿದಾಗ ಉದುರುವ ಉದ್ದ ಎಳೆಗಳನ್ನು ಹಕ್ಕಿ ಮೆತ್ತೆಗೆ ಒಯ್ಯುತ್ತದೆ. ಆ ಕೂದಲು ಮರಿಯ ಕಾಲಿಗೆ ಸುತ್ತಿಕೊಂಡು, ಕಾಲು ದಪ್ಪವಾದ ಹಾಗೆ ಬಿಗಿಯುತ್ತದೆ. ಜೊತೆ ಮರಿಗಳೆಲ್ಲ ಹಾರಿದ ಮೇಲೂ ಒಂದು ಮರಿ ಗೂಡಿನ ಬಾಯಲ್ಲಿ ತೂಗಾಡುತ್ತಿದ್ದರೆ ಕಾರಣ ಇದೇ. ಬಾಚಿದ ಕೂಡಲೇ ಕೂದಲನ್ನು ಗುಡಿಸಿ ಚೀಲಕ್ಕೆ ತುಂಬಿಸುವುದನ್ನು ಕುದುರೆ ನೋಡಿಕೊಳ್ಳುವ ಸಾಯಿಸನಿಗೆ ರೂಢಿ ಮಾಡಿಸಿ.

ತಗಡಿನ ಸೂರಾದರೆ ಬಿಸಿ ದೊಡ್ಡ ಶತ್ರು. ತಗಡಿಗೆ ತಾಗಿದ ಗೂಡಿನಲ್ಲಿ ಮಧ್ಯಾಹ್ನ ಮರಿಗಳು ಬಾಯಿ ಕಳೆದು ಏದುಸಿರು ಬಿಡುತ್ತಾ ಅಂಚಿಗೆ ಬಂದು ಬೀಳುತ್ತವೆ. ಗೂಡಿರುವ ಭಾಗದ ತಗಡಿನ ಮೇಲೆ ತೆಂಗಿನ ಗರಿಯನ್ನು ಅರ್ಧ ಅಡಿ ದಪ್ಪ ಹಾಸಿ, ಗಾಳಿಗೆ ಹಾರದಂತೆ ಬಿದಿರು ಅಡ್ಡ ಕಟ್ಟಿ. ಇದು ಕುದುರೆಗೂ ಒಳ್ಳೆಯದು.

ಇನ್ನು ಹಿಕ್ಕೆಯ ಮಾತು. ಮರಿ ಪುಟ್ಟದಿದ್ದಾಗ ತಾಯಿತಂದೆ ಹಿಕ್ಕೆಯನ್ನು ಕೊಕ್ಕಿನಲ್ಲೇ ಹೊರಗೆ ಒಯ್ಯುತ್ತವೆ. ಅದಕ್ಕೇ ಮೊದಲ ದಿನಗಳಲ್ಲಿ ನೆಲ ಚೊಕ್ಕವಾಗಿರುತ್ತದೆ, ‘ಏನೂ ತೊಂದರೆಯಿಲ್ಲ’ ಅನ್ನಿಸುತ್ತದೆ. ಮರಿ ಗೂಡಿನ ಬಾಯಿಗೆ ಬಂದು ಹಿಂದೆ ತಿರುಗಿ ಹಾಕಲು ಶುರು ಮಾಡಿದ ಮೇಲೆ, ಹಾರುವ ಹಿಂದಿನ ಒಂದು ಹತ್ತು ದಿನ, ರಾಶಿ ಬೀಳುತ್ತದೆ. ಹಲಗೆ ಬೇಕಾಗುವುದು ಆಗ. ಒಂದು ಅಡಿ ಅಗಲ, ಎರಡು ಅಡಿ ಉದ್ದದ ಪ್ಲೈವುಡ್ ತುಂಡನ್ನು ‘ಎಲ್’ ಆಕಾರದ ಎರಡು ಪಟ್ಟಿಯ ಮೇಲೆ, ಗೂಡಿಗಿಂತ ಮೂರು ಅಡಿ ಕೆಳಗೆ ಕೂರಿಸಿ. ತೀರಾ ಹತ್ತಿರ ಇಟ್ಟರೆ ಅದೇ ಹಲಗೆ ಕಾಗೆಗೆ, ಬೆಕ್ಕಿಗೆ ಮೆಟ್ಟಿಲಾಗುತ್ತದೆ. ಸ್ಕ್ರೂ ಹಾಕದೆ ಎತ್ತಿ ತೆಗೆಯುವ ಹಾಗಿರಲಿ, ಮೇಲೆ ಹಳೆ ಪೇಪರ್ ಹಾಸಿ ಎರಡು ದಿನಕ್ಕೊಮ್ಮೆ ಬದಲಿಸಿ. ಮೊಟ್ಟೆಗೆ ಮೊದಲೇ ಹಲಗೆ ಕೂರಿಸುವುದು ಲೇಸು. ಮರಿ ಇರುವಾಗ ಡ್ರಿಲ್ ಸದ್ದು ಬೇಡ.

ಹಿಕ್ಕೆ ಮೇವಿಗೆ ಬಿದ್ದರೆ ಸಾಲ್ಮೊನೆಲ್ಲಾದಂಥ ರೋಗಾಣು ಕುದುರೆಯ ಹೊಟ್ಟೆ ಸೇರಬಹುದು, ಎಳೆ ಕುದುರೆಮರಿಗೆ ಭೇದಿ ಹಿಡಿದರೆ ಉಳಿಸುವುದು ಕಷ್ಟ. ನೆನೆಸಿದ ಹುರುಳಿ, ಬೂಸಾದ ಬಕೆಟ್ಟಿಗೆ ಮುಚ್ಚಳ ಇರಲಿ, ತೊಟ್ಟಿಯನ್ನು ದಿನಾ ತಿಕ್ಕಿ ತೊಳೆಯಿರಿ. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಿದರೆ ದೂಳು ಕುದುರೆಯ ಮೂಗಿಗೂ ನಮ್ಮ ಮೂಗಿಗೂ ಹೋಗುತ್ತದೆ. ಕುದುರೆ ಹೊರಗೆ ಕಟ್ಟಿ, ನೀರು ಚಿಮುಕಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆರೆಯಿರಿ. ಜೀನು, ಮೆರವಣಿಗೆಯ ಮಕಮಲ್ಲು, ಜರಿ ಹೊದಿಕೆ ಇಡುವ ಕೋಣೆಯಲ್ಲಿ ಮಾತ್ರ ಗೂಡಿಗೆ ಖಂಡಿತ ಅವಕಾಶ ಕೊಡಬೇಡಿ. ಹಿಕ್ಕೆಯ ಆಮ್ಲಕ್ಕೆ ಚರ್ಮ ಬಿಳಿಚುತ್ತದೆ, ಮಕಮಲ್ಲಿನ ಕಲೆ ಹೋಗುವುದಿಲ್ಲ. ಮದುವೆ ಸೀಸನ್ನೂ ಗೂಡಿನ ಸೀಸನ್ನೂ ಒಂದೇ ಆಗಿರುವುದರಿಂದ ಅವಸರದಲ್ಲಿ ಆ ಬಾಗಿಲು ತೆರೆದೇ ಉಳಿಯುತ್ತದೆ, ಸ್ಪ್ರಿಂಗ್ ಹಾಕಿಸಿ. ನಡುರಾತ್ರಿ ಮೆರವಣಿಗೆ ಮುಗಿಸಿ ಬಂದಾಗ ಟ್ಯೂಬ್‌ಲೈಟ್ ಹಾಕಬೇಡಿ. ಹಕ್ಕಿ ಎದ್ದು ಗೋಡೆಗೆ ಬಡಿದುಕೊಳ್ಳುತ್ತದೆ. ಸೊಂಟದ ಎತ್ತರದಲ್ಲಿ ಒಂದು ಸಣ್ಣ ಬಲ್ಬು ಸಾಕು.

ನೊಣದ ವಿಷಯದಲ್ಲಿ ಹಕ್ಕಿಯನ್ನು ನಂಬಿ ಕೂರಬೇಡಿ. ಕವಲುತೋಕೆ ತಿನ್ನುವುದು ಹಾರುವ ಹುಳ, ಅದೂ ಹೆಚ್ಚಾಗಿ ಹೊರಗೆ ಗದ್ದೆ, ಕೆರೆಯ ಮೇಲೆ. ಕುದುರೆಯ ಕಾಲಿಗೆ ಕೂತು ರಕ್ತ ಹೀರುವ ಲಾಯದ ನೊಣ ಹುಟ್ಟುವುದು ಉಚ್ಚೆಯಲ್ಲಿ ನೆನೆದು ಕೊಳೆತ ಹುಲ್ಲಿನಲ್ಲಿ. ರಾತ್ರಿ ಕಚ್ಚುವ ಸೊಳ್ಳೆ ಎದ್ದಾಗ ಹಕ್ಕಿ ಮಲಗಿರುತ್ತದೆ. ಕುದುರೆಗಳಿಗೆ ಬರುವ ಸರ್ರಾ ಎಂಬ ರಕ್ತದ ರೋಗ ಹರಡುವುದು ರಕ್ತ ಹೀರುವ ನೊಣಗಳಿಂದಲೇ. ಬಿಟ್ಟು ಬಿಟ್ಟು ಜ್ವರ, ಹೊಟ್ಟೆಯಡಿ ಮತ್ತು ಕಾಲಲ್ಲಿ ಬಾವು, ಮೇವು ತಿಂದರೂ ಸೊರಗುವುದು ಕಂಡರೆ ರಕ್ತಪರೀಕ್ಷೆ ಮಾಡಿಸಬೇಕು. ಒಂದು ಕುದುರೆ ದಿನಕ್ಕೆ 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ಎರಡು ಹೊತ್ತು ತೆಗೆದು, ನೂರು ಅಡಿ ದೂರದ ಗುಂಡಿಗೆ ಹಾಕಿ ಮುಚ್ಚಿ. ಹಾಸಿಗೆಗೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು ಹಾಕುವವರು ಒದ್ದೆ ಭಾಗವನ್ನು ದಿನಾ ಎತ್ತಲೇಬೇಕು. ಔಷಧಿ ಬೇಕಾದರೆ ವೈದ್ಯರನ್ನು ಕೇಳಿ ಬಟ್ಟೆಯಲ್ಲಿ ಅದ್ದಿ ಕುದುರೆಯ ಮೈಗೆ ಒರೆಸಿ. ಸೂರಿಗೆ, ಗೂಡಿಗೆ ಪಂಪು ಹಿಡಿಯಬೇಡಿ.

ಗೂಡು ಬಿದ್ದು ಮರಿ ಬದುಕಿದ್ದರೆ, ಮೊದಲಿದ್ದ ಜಾಗದಿಂದ ಒಂದೆರಡು ಅಡಿಯೊಳಗೆ ಸಣ್ಣ ಬಿದಿರು ಬುಟ್ಟಿ ಕಟ್ಟಿ, ಬಿದ್ದ ಗೂಡಿನ ಪುಕ್ಕವನ್ನೇ ಹಾಸಿ ಮರಿ ಇಡಿ. ಬಟ್ಟಲು ಗೂಡಿನ ಜಾತಿಗೆ ದೊಡ್ಡ ತೆಂಗಿನ ಚಿಪ್ಪು ನಡೆಯುತ್ತದೆ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು. ಹಾಲು, ಅನ್ನ ಹಾಕಬೇಡಿ. ದೂರ ನಿಂತು ನೋಡಿ, ತಾಯಿತಂದೆ ಗುಟುಕು ಕೊಡಲು ಬಂದರೆ ನಿಮ್ಮ ಕೆಲಸ ಮುಗಿಯಿತು. ನೆಲಕ್ಕೆ ಬಿದ್ದದ್ದು ಪೂರ್ತಿ ಬೆಳೆದ ಬಾನಾಡಿಯಾದರೆ ಉಪಾಯ ಬೇರೆ: ಅದಕ್ಕೆ ನೆಲದಿಂದ ಏಳುವುದು ಕಷ್ಟ, ಅಂಗೈ ಮೇಲಿಟ್ಟು ಎತ್ತಿ ಹಿಡಿದರೆ ತಾನೇ ಹಾರುತ್ತದೆ.

ಮರಿ ಹಾರಿದ ಮೇಲೆ ಖಾಲಿ ಗೂಡಿನ ನುಸಿ ಆಹಾರ ಹುಡುಕಿಕೊಂಡು ಕೆಳಗೆ ಇಳಿಯಬಹುದು. ಕುದುರೆ ರಾತ್ರಿ ಹೊತ್ತು ಮಾತ್ರ ಕತ್ತು ಉಜ್ಜಿಕೊಳ್ಳುತ್ತಿದ್ದರೆ ಟಾರ್ಚ್ ಹಿಡಿದು ಗೋಡೆ ನೋಡಿ, ಚಲಿಸುವ ಬೂದು ಕೆಂಪು ಚುಕ್ಕೆ ಕಾಣುತ್ತವೆ. ಗೂಡಿನ ಕೆಳಗಿನ ಗೋಡೆಗೆ, ಹಲಗೆಗೆ ಹೊಸ ಸುಣ್ಣ ಬಳಿಯಿರಿ. ಆದರೆ ಆತುರ ಬೇಡ, ಅದೇ ಜೋಡಿ ಮತ್ತೆ ಮೊಟ್ಟೆ ಇಡಬಹುದು. ಸೆಪ್ಟೆಂಬರ್ ಕಳೆದು ಒಳಗೆ ಓಡಾಟ ಪೂರ್ತಿ ನಿಂತಿದೆ ಎಂದು ಖಾತ್ರಿಯಾದ ಮೇಲೆ, ನುಸಿ ವಿಪರೀತ ಇದ್ದ ಗೂಡನ್ನು ಮಾತ್ರ ಕೆಡವಿ ಸುಡಿ. ಉಳಿದವನ್ನು ಬಿಡಿ, ಹಳೆ ಗೂಡಿಗೇ ತೇಪೆ ಹಾಕಿ ಮರುವರ್ಷ ಬಳಸುತ್ತವೆ. ನಡುವೆ ಕತ್ತಿನಿಂದ ಹುಲ್ಲಿನ ಕಡ್ಡಿ ಇಣುಕಿದರೆ ಒಳಗೆ ಗುಬ್ಬಿ ಸೇರಿಕೊಂಡಿದೆ, ಪುಕ್ಕ ಅಂಟಿದ್ದರೆ ಬಾನಾಡಿ. ಆಗ ಕವಲುತೋಕೆಗೆ ಪಕ್ಕದಲ್ಲೇ ಇನ್ನೊಂದು ಅಡಿ ಒರಟು ಗಾರೆ ಬಳಿದಿಡಿ.